ಸ್ಕ್ಯಾನ್ ನಾರ್ಮಲ್ ಬಂತು, ಮಗ ಮಾತ್ರ ಮೊದಲಿನ ಹಾಗಿಲ್ಲ (ಕಬಡ್ಡಿಯಲ್ಲಿ ತಲೆಗೆ ಪೆಟ್ಟು, 13 ವರ್ಷ)

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮಗ ಎಂಟನೇ ಕ್ಲಾಸು. ಶಾಲೆಯ ಕಬಡ್ಡಿ ಟೀಮಿನಲ್ಲಿ ರೈಡರ್. ಹತ್ತು ದಿನದ ಹಿಂದೆ ಹೋಬಳಿ ಮಟ್ಟದ ಮ್ಯಾಚ್ ಇತ್ತು. ರೈಡಿಗೆ ಹೋದವನ ಕಾಲನ್ನು ಒಬ್ಬ ಹಿಡಿದ, ಇನ್ನೊಬ್ಬ ಸೊಂಟಕ್ಕೆ ಬಿದ್ದ. ಇವನು ಹಿಂದಕ್ಕೆ ಮಗುಚಿ ತಲೆ ನೆಲಕ್ಕೆ ಬಡಿಯಿತು. ಜ್ಞಾನ ತಪ್ಪಲಿಲ್ಲ. ನೀರು ಕುಡಿಸಿ, ಹಣೆಗೆ ಒಂದಿಷ್ಟು ತಟ್ಟಿ, ಐದು ನಿಮಿಷಕ್ಕೆ ಮತ್ತೆ ಒಳಗೆ ಕಳಿಸಿದರಂತೆ. ಮುಂದಿನ ರೈಡ್ ಮುಗಿಸಿ ಎದುರಿನವರ ಕಡೆಗೇ ಹೋಗಿ ನಿಂತನಂತೆ. ಅವನ ಗೆಳೆಯ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಆಟೋದಲ್ಲಿ ಕರೆದುಕೊಂಡು ಬರುವಾಗ "ಮ್ಯಾಚ್ ಯಾರು ಗೆದ್ದರಮ್ಮ?" ಅಂದ. ನೀವೇ ಕಣೋ ಅಂದೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮನೆ ಸೇರುವಷ್ಟರಲ್ಲಿ ನಾಲ್ಕು ಸಲ ಕೇಳಿದ. ಬಾಗಿಲಲ್ಲೇ ವಾಂತಿ. ಅದೇ ಆಟೋ ತಿರುಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಸಿಟಿ ಸ್ಕ್ಯಾನ್ ಮಾಡಿ ರಾತ್ರಿ ಅಲ್ಲೇ ಇಟ್ಟುಕೊಂಡರು. ಬೆಳಿಗ್ಗೆ "ಏನೂ ಇಲ್ಲ, ನಾರ್ಮಲ್. ಎರಡು ದಿನ ರೆಸ್ಟ್ ಕೊಡಿ" ಅಂತ ಕಳಿಸಿದರು.

ಹತ್ತು ದಿನ ಆಯಿತು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಗಣಿತದ ಪುಸ್ತಕ ಹಿಡಿದರೆ ಸಾಲು ಜಾರುತ್ತೆ ಅಂತಾನೆ. ತಂಗಿಯ ಮೇಲೆ ಸುಮ್ಮಸುಮ್ನೆ ರೇಗುತ್ತಾನೆ, ಆಮೇಲೆ ತಾನೇ ಅಳುತ್ತಾನೆ. ಇವತ್ತು ಶಾಲೆಗೆ ಕಳಿಸಿದ್ದೆ, ಮೂರನೇ ಪೀರಿಯಡ್‌ಗೆ ಫೋನ್ ಬಂತು, ಕರೆದುಕೊಂಡು ಹೋಗಿ ಅಂತ. ಅತ್ತೆ ಕತ್ತಲೆ ಕೋಣೆಯಲ್ಲಿ ಮಲಗಿಸು ಅಂತಾರೆ. ನಮ್ಮ ಮನೆಯವರು "ಸ್ಕ್ಯಾನ್ ನಾರ್ಮಲ್ ಅಲ್ವಾ, ನಾಟಕ ಇರಬಹುದು" ಅಂತಾರೆ. ಪಿಟಿ ಸರ್ ಫೋನ್ ಮಾಡಿ, ತಾಲ್ಲೂಕು ಮಟ್ಟಕ್ಕೆ ಇನ್ನು 16 ದಿನ ಇದೆ, ರೆಡಿ ಆಗ್ತಾನಾ ಅಂತ ಕೇಳಿದರು. ಯಾರ ಮಾತು ಕೇಳಲಿ?

ಗುಡ್ಡದ ಗಾಳಿ

ನಮ್ಮ ಮಗಳಿಗೂ ಸ್ಕೇಟಿಂಗ್‌ನಲ್ಲಿ ಹೀಗೇ ಆಗಿತ್ತು ಅಕ್ಕ. ಎರಡು ವಾರದಲ್ಲಿ ಸರಿ ಹೋದಳು. ನಾಟಕ ಅಂತ ಮಾತ್ರ ಅನ್ನಬೇಡಿ ಅಂತ ಯಜಮಾನರಿಗೆ ಹೇಳಿ. ನಾವು ಅಂದು ಆಮೇಲೆ ಪಶ್ಚಾತ್ತಾಪ ಪಟ್ಟೆವು.

ಹಳೇ ರೈಡರ್

ನಮ್ಮ ಕಾಲದಲ್ಲಿ ಗದ್ದೆ ಬಯಲಲ್ಲಿ ಆಡುತ್ತಿದ್ದೆವು. ತಲೆಗೆ ಎಷ್ಟು ಏಟು ಬಿದ್ದಿದೆಯೋ ಲೆಕ್ಕ ಇಲ್ಲ. ಅರಿಶಿನ ಹಚ್ಚಿಕೊಂಡು ಮತ್ತೆ ಇಳಿಯುತ್ತಿದ್ದೆವು. ಈಗಿನ ತಾಯಂದಿರು ತುಂಬಾ ಹೆದರುತ್ತಾರೆ. ಆಡಲಿ ಬಿಡಿ ಮೇಡಂ, ಆಡುತ್ತಾ ಆಡುತ್ತಾ ಸರಿ ಹೋಗುತ್ತೆ.

ಡಾಕ್ಟ್ರಮ್ಮ (ಮಕ್ಕಳ ವೈದ್ಯೆ)

ನಿಮ್ಮ ಮಗನನ್ನು ನಾನು ನೋಡಿಲ್ಲ. ಹಾಗಾಗಿ ಇದು ಸಲಹೆ ಮಾತ್ರ, ನಿಮ್ಮ ಊರಿನ ಡಾಕ್ಟರಿಗೆ ಮತ್ತೊಮ್ಮೆ ತೋರಿಸಲೇಬೇಕು. ಆದರೆ ನೀವು ಬರೆದದ್ದನ್ನು ಓದಿದರೆ ಇದು ಕನ್ಕಷನ್ (ಪೆಟ್ಟಿಗೆ ಮೆದುಳು ಕುಲುಕಿದ್ದು) ಅಂತಲೇ ಅನಿಸುತ್ತೆ.

ಮೆದುಳು ತಲೆಬುರುಡೆಯೊಳಗೆ ನೀರಿನಲ್ಲಿ ತೇಲುವ ಹಾಗೆ ಕೂತಿದೆ. ತುಂಬಿದ ಬಿಂದಿಗೆಯನ್ನು ನೆಲಕ್ಕೆ ಕುಕ್ಕಿದರೆ ಒಳಗಿನದು ಕುಲುಕುತ್ತಲ್ಲ, ಹಾಗೆ. ಬಿಂದಿಗೆ ಒಡೆದಿರಲ್ಲ. ಸಿಟಿ ಸ್ಕ್ಯಾನ್ ನೋಡುವುದು ಒಡೆದಿದೆಯಾ, ರಕ್ತ ಸೋರಿದೆಯಾ ಅಂತ. ಕುಲುಕಿದ್ದು ಅದರಲ್ಲಿ ಕಾಣುವುದಿಲ್ಲ. ಪೆಟ್ಟಾದ ಮೇಲೆ ನರಕೋಶಗಳಿಗೆ ಶಕ್ತಿ ಜಾಸ್ತಿ ಬೇಕು, ಸರಬರಾಜು ಮಾತ್ರ ಅದೇ ಹೊತ್ತಿಗೆ ಕಡಿಮೆ. ಅದಕ್ಕೇ ಬೆಳಕು, ಸದ್ದು, ಓದು ಎಲ್ಲವೂ ಭಾರ. ಜ್ಞಾನ ತಪ್ಪಲಿಲ್ಲ ಅಂತ ಸಮಾಧಾನ ಪಡಬೇಡಿ, ಕನ್ಕಷನ್ ಆದ ಹೆಚ್ಚಿನವರಿಗೆ ಜ್ಞಾನ ತಪ್ಪುವುದೇ ಇಲ್ಲ. ಎದುರಿನವರ ಕಡೆ ಹೋಗಿ ನಿಂತಿದ್ದು, ಒಂದೇ ಪ್ರಶ್ನೆ ನಾಲ್ಕು ಸಲ ಕೇಳಿದ್ದು, ಅದೇ ನಿಮಗೆ ಸಾಕ್ಷಿ. ಹಾಗಾಗಿ ನಿಮ್ಮ ಯಜಮಾನರು ಹೇಳಿದ ಅರ್ಧ ಸರಿ. ಸ್ಕ್ಯಾನ್ ನಾರ್ಮಲ್. ನಾಟಕ ಅಲ್ಲ.

ಅತ್ತೆಯವರ ಕತ್ತಲೆ ಕೋಣೆ ಬಗ್ಗೆ. ಮೊದಲು ನಾವು ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದೆವು, ಅವರನ್ನು ಬೈಯಬೇಡಿ. 2015ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಐದು ದಿನ ಕಟ್ಟುನಿಟ್ಟಾಗಿ ಮಲಗಿಸಿದ ಮಕ್ಕಳಿಗೆ, ಒಂದೆರಡು ದಿನ ಮಾತ್ರ ವಿಶ್ರಾಂತಿ ಕೊಟ್ಟವರಿಗಿಂತ ಜಾಸ್ತಿ ತೊಂದರೆ ಉಳಿಯಿತು. 2022ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಕ್ರೀಡಾ ಕನ್ಕಷನ್ ತಜ್ಞರೆಲ್ಲ ಸೇರಿ ಒಪ್ಪಿದ್ದೂ ಇದನ್ನೇ. ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ. ಅಂದರೆ ಮನೆಯೊಳಗೆ ಓಡಾಡಬಹುದು, ಮಾತಾಡಬಹುದು. ಆಮೇಲೆ ಸಣ್ಣದಾಗಿ ನಡಿಗೆ ಶುರು. ನಿಮ್ಮ ಮಗನಿಗೆ ಹತ್ತು ದಿನ ಆಗಿದೆ, ಈಗ ಕತ್ತಲೆ ಕೋಣೆ ಬೇಡವೇ ಬೇಡ.

ಮೊಬೈಲ್ ಮೊದಲ ಎರಡು ದಿನ ದೂರ ಇಟ್ಟರೆ ಒಳ್ಳೆಯದು. 12ರಿಂದ 25 ವಯಸ್ಸಿನವರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, 48 ಗಂಟೆ ಸ್ಕ್ರೀನ್ ಬಿಟ್ಟವರು ಸುಮಾರು ಮೂರೂವರೆ ದಿನಕ್ಕೆ ಸುಧಾರಿಸಿಕೊಂಡರೆ, ಬಿಡದವರಿಗೆ ಎಂಟು ದಿನ ಬೇಕಾಯಿತು. ನೋವಿಗೆ ಪ್ಯಾರಸಿಟಮಾಲ್ ಸಾಕು, ಅದನ್ನೂ ದಿನಾ ನುಂಗಿಸಬೇಡಿ. ಮಾತ್ರೆ ಜಾಸ್ತಿ ಆದರೆ ಮಾತ್ರೆಯಿಂದಲೇ ತಲೆನೋವು ಬರುತ್ತೆ.

ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ಯಾರನ್ನೂ ಕೇಳುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆ.

ತಾಲ್ಲೂಕು ಮಟ್ಟದ ಮ್ಯಾಚಾ? ಈಗಿನ ಸ್ಥಿತಿ ನೋಡಿದರೆ ಮರೆತುಬಿಡಿ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿ ಹೋಗುತ್ತಾರೆ. ಆದರೆ ಮೊದಲು ಶಾಲೆ, ಆಮೇಲೆ ಆಟ.

ಹಾಸನದ ಅಮ್ಮ

ಡಾಕ್ಟ್ರೇ, ಬಿಂದಿಗೆ ಮಾತನ್ನು ಮನೆಯವರಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಹೋಗಿ ಮಗನ ಪಕ್ಕ ಕೂತರು. ಆ ರಾತ್ರಿ ಮಲಗಿಸಬಾರದು ಅಂತ ಪಕ್ಕದ ಮನೆಯವರು ಹೇಳಿದ್ದಕ್ಕೆ ಆಸ್ಪತ್ರೆಯಲ್ಲೂ ಅವನನ್ನು ಪಾಪ ಅರ್ಧ ಗಂಟೆಗೊಮ್ಮೆ ಅಲ್ಲಾಡಿಸಿದ್ದೆ. ತಪ್ಪಾಯಿತಾ?

ಡಾಕ್ಟ್ರಮ್ಮ (ಮಕ್ಕಳ ವೈದ್ಯೆ)

ಎಲ್ಲರೂ ಮಾಡುವ ತಪ್ಪೇ. ಡಾಕ್ಟರ್ ನೋಡಿ ಅಪಾಯ ಇಲ್ಲ ಅಂದ ಮೇಲೆ ನಿದ್ದೆ ಒಳ್ಳೆಯದು. ಈಗ ರಾತ್ರಿ ಒಂದೇ ಹೊತ್ತಿಗೆ ಮಲಗಲಿ, ಮಧ್ಯಾಹ್ನ ಗಂಟೆಗಟ್ಟಲೆ ಮಲಗುವುದು ಬೇಡ.

ಮೂರನೇ ಬೆಂಚು

ನಾನು ಸರ್ಕಾರಿ ಶಾಲೆ ಟೀಚರ್. ಹೋದ ವರ್ಷ ನನ್ನ ಕ್ಲಾಸಿನ ಒಬ್ಬ ಹುಡುಗಿಗೆ ಖೊಖೊ ಕಂಬಕ್ಕೆ ತಲೆ ತಗುಲಿತ್ತು. ಕಟ್ಟಿದ ಗಾಯ ಇದ್ದರೆ ನಾವು ಪಾಪ ಅನ್ನುತ್ತೇವೆ. ಇದರಲ್ಲಿ ಬ್ಯಾಂಡೇಜೂ ಇಲ್ಲ, ಜ್ವರವೂ ಇಲ್ಲ. ಡೆಸ್ಕಿನ ಮೇಲೆ ತಲೆ ಇಟ್ಟರೆ ಸೋಮಾರಿ ಅಂದುಕೊಳ್ಳುತ್ತೇವೆ. ನಾನೂ ಅಂದುಕೊಂಡಿದ್ದೆ.

ಆಮೇಲೆ ಅವರಮ್ಮ ಬಂದು ಮಾತಾಡಿದರು. ಮೊದಲ ವಾರ ಎರಡೇ ಪೀರಿಯಡ್ ಬರಲಿ ಅಂದೆ. ಆಮೇಲೆ ಮಧ್ಯಾಹ್ನದವರೆಗೆ. ಕಿಟಕಿ ಪಕ್ಕದಿಂದ ಎಬ್ಬಿಸಿ ಮೂರನೇ ಬೆಂಚಿಗೆ ಕೂರಿಸಿದೆ. ಬೋರ್ಡ್ ನೋಡಿ ಬರೆಯುವುದು ಅವಳಿಗೆ ತುಂಬಾ ಕಷ್ಟ ಆಗುತ್ತಿತ್ತು. ತಲೆ ಎತ್ತು, ತಗ್ಗಿಸು, ಎತ್ತು, ತಗ್ಗಿಸು. ಗೆಳತಿಯ ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಟ್ಟೆವು. ಎಫ್‌ಎ ಟೆಸ್ಟ್ ಮುಂದಕ್ಕೆ ಹಾಕಿದೆ. ತಲೆ ಭಾರ ಆದರೆ ಸ್ಟಾಫ್ ರೂಮಿನಲ್ಲಿ ಹದಿನೈದು ನಿಮಿಷ ಕೂತು ಬಾ, ಮನೆಗೇ ಹೋಗಬೇಕಾಗಿಲ್ಲ ಅಂದಿದ್ದೆ. ಅದು ಬಹಳ ಕೆಲಸಕ್ಕೆ ಬಂತು.

ನನಗೆ ಹೊಳೆಯದೇ ಇದ್ದದ್ದು ಬಿಸಿಯೂಟ. ಮುನ್ನೂರು ತಟ್ಟೆ ಒಟ್ಟಿಗೆ ಸದ್ದು ಮಾಡುತ್ತವೆ. ನಾವು ಅದಕ್ಕೆ ಒಗ್ಗಿದ್ದೇವೆ. ಅವಳು ಊಟದ ಹಾಲ್‌ನಿಂದ ಅಳುತ್ತಾ ಓಡಿ ಬಂದ ದಿನ ಗೊತ್ತಾಯಿತು. ಮಾರನೇ ದಿನದಿಂದ ಒಬ್ಬ ಗೆಳತಿಯ ಜೊತೆ ಹತ್ತು ನಿಮಿಷ ಮೊದಲೇ ವರಾಂಡದಲ್ಲಿ ಊಟ. ಗೆಳತಿ ಇರಲೇಬೇಕು, ಒಂಟಿ ಕೂರಿಸಿದರೆ ಶಿಕ್ಷೆ ಕೊಟ್ಟ ಹಾಗೆ ಕಾಣುತ್ತೆ.

ಅಕ್ಕ, ಕ್ಲಾಸ್ ಟೀಚರ್ ಹತ್ತಿರ ಫೋನಿನಲ್ಲಲ್ಲ, ಹೋಗಿ ಮಾತಾಡಿ. ಸಾಧ್ಯವಾದರೆ ಡಾಕ್ಟರ ಚೀಟಿ ಒಯ್ಯಿರಿ. ಚೀಟಿ ಇದ್ದರೆ ನಮಗೂ ಹೆಡ್ ಮೇಷ್ಟ್ರ ಹತ್ತಿರ ಮಾತಾಡಲು ಸುಲಭ.

ವಿಸಿಲ್ ಮೇಷ್ಟ್ರು

ಇಲ್ಲಿ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಪಿಟಿ ಶಿಕ್ಷಕ, 19 ವರ್ಷ ಆಯಿತು. ಹಾಸನದ ತಾಯಿ ಬರೆದದ್ದರಲ್ಲಿ ಆ ಹುಡುಗನನ್ನು ಐದು ನಿಮಿಷಕ್ಕೆ ವಾಪಸ್ ಕಳಿಸಿದವರ ಬಗ್ಗೆ ಓದಿದಾಗ ನನ್ನನ್ನೇ ನೋಡಿದ ಹಾಗಾಯಿತು. ನಾನೂ ಕಳಿಸಿದ್ದೇನೆ, ಒಬ್ಬರನ್ನಲ್ಲ. ನಮ್ಮ ಕೂಟಗಳಲ್ಲಿ ಮೈದಾನದ ಪಕ್ಕ ಇರುವುದು ಒಂದು ಡಬ್ಬಿ. ಅದರಲ್ಲಿ ಹತ್ತಿ, ಟಿಂಚರ್, ನೋವಿನ ಸ್ಪ್ರೇ. ಕಾಲು ಉಳುಕಿದರೆ ಸ್ಪ್ರೇ ಹೊಡೆಯುತ್ತೇವೆ. ತಲೆಗೆ ಏನು ಹೊಡೆಯೋದು? "ಆಡ್ತೀಯಾ?" ಅಂತ ಹುಡುಗನನ್ನೇ ಕೇಳುತ್ತೇವೆ. ಹದಿಮೂರು ವರ್ಷದ ಹುಡುಗ ಇಲ್ಲ ಅಂತಾನಾ?

ಈಗ ನಾನು ಕೇಳುವುದೇ ಇಲ್ಲ. ತಲೆಗೆ ಬಿತ್ತು, ಅನುಮಾನ ಬಂತು, ಹೊರಗೆ. ಆ ದಿನ ಮತ್ತೆ ಅಂಕಣಕ್ಕೆ ಇಳಿಯುವ ಹಾಗಿಲ್ಲ. ಮ್ಯಾಚ್ ಸೋತರೆ ನಾನು ಬೈಸಿಕೊಳ್ಳುತ್ತೇನೆ. ಬೈಸಿಕೊಂಡೂ ಇದ್ದೇನೆ. ಜಾಸ್ತಿ ಬೈಯುವವರು ತಂದೆಯರೇ.

ಹಳೇ ರೈಡರ್

ಮೇಷ್ಟ್ರೇ, ಹೀಗೆ ಒಬ್ಬೊಬ್ಬರನ್ನೇ ಹೊರಗೆ ಕೂರಿಸುತ್ತಾ ಹೋದರೆ ಟೀಮ್ ಉಳಿಯುತ್ತಾ? ದೊಡ್ಡ ಆಟಗಾರರು ಏಟು ತಿಂದೇ ದೊಡ್ಡವರಾದದ್ದು.

ಗುಡ್ಡದ ಗಾಳಿ

ಸರ್, ದೊಡ್ಡ ಆಟಗಾರರ ವಿಷಯ ಎತ್ತಿದ್ದು ಒಳ್ಳೆಯದೇ ಆಯಿತು. ನಮ್ಮ ಮಯಾಂಕ್ ಅಗರ್‌ವಾಲ್ ನೆನಪಿದ್ದಾರಾ? 2021ರ ಆಗಸ್ಟ್, ಇಂಗ್ಲೆಂಡ್ ಪ್ರವಾಸ, ಟ್ರೆಂಟ್ ಬ್ರಿಡ್ಜ್ ಟೆಸ್ಟಿಗೆ ಎರಡು ದಿನ ಇದ್ದಾಗ ನೆಟ್ಸ್‌ನಲ್ಲಿ ಸಿರಾಜ್ ಚೆಂಡು ಹೆಲ್ಮೆಟ್‌ಗೆ ಬಡಿಯಿತು. ಕನ್ಕಷನ್ ಅಂತ ಆ ಟೆಸ್ಟಿನಿಂದಲೇ ಹೊರಗಿಟ್ಟರು. ಅವರ ಜಾಗಕ್ಕೆ ಬಂದ ಕೆ. ಎಲ್. ರಾಹುಲ್ 84 ಹೊಡೆದರು, ಮುಂದಿನ ಟೆಸ್ಟಿನಲ್ಲಿ ಲಾರ್ಡ್ಸ್‌ನಲ್ಲಿ 129. ಮಯಾಂಕ್‌ಗೆ ಎಷ್ಟು ಹೊಟ್ಟೆ ಉರಿದಿರಬೇಕು! ಆದರೂ ಕೂರಿಸಿದರು ನೋಡಿ. ಐಸಿಸಿ 2019ರಿಂದ ಕನ್ಕಷನ್ ಆದವರ ಬದಲು ಇನ್ನೊಬ್ಬರನ್ನು ಇಳಿಸಲು ಬಿಟ್ಟಿದೆ. ಟೆಸ್ಟ್ ಆಡುವವರಿಗೆ ಇರುವ ನಿಯಮ ಹೋಬಳಿ ಮಟ್ಟದ ಮಗುವಿಗೆ ಯಾಕಿಲ್ಲ?

ಪುಟ್ಟಣ್ಣ 77

ಹೆಲ್ಮೆಟ್ ಹಾಕಿದ್ದರೂ ಆಗುತ್ತಾ ಹಾಗಾದರೆ? ಮಗನಿಗೆ ಸಾವಿರಾರು ಕೊಟ್ಟು ತಂದಿದ್ದೇನೆ.

ಡಾಕ್ಟ್ರಮ್ಮ (ಮಕ್ಕಳ ವೈದ್ಯೆ)

ಆಗುತ್ತೆ. ಬಿಂದಿಗೆಗೆ ಗೋಣಿಚೀಲ ಸುತ್ತಿದರೆ ಬಿಂದಿಗೆ ತಗ್ಗಾಗಲ್ಲ, ಒಳಗೆ ಕುಲುಕುವುದು ಪೂರ್ತಿ ನಿಲ್ಲಲ್ಲ. ಹೆಲ್ಮೆಟ್ ಬುರುಡೆ ಒಡೆಯದ ಹಾಗೆ ಕಾಯುತ್ತೆ. ತಂದದ್ದು ವ್ಯರ್ಥ ಅಲ್ಲ, ಹಾಕಿಸಿ.

ಮಿಸಿಸಾಗಾದಿಂದ

ಕೆನಡಾದ ಒಂಟಾರಿಯೋದಲ್ಲಿದ್ದೇನೆ, ಮೂಲ ತಿಪಟೂರು. ಇಲ್ಲಿ ಮಗಳನ್ನು ಫುಟ್‌ಬಾಲ್‌ಗೆ ಸೇರಿಸುವಾಗ ಪ್ರತಿ ವರ್ಷ ಒಂದು ಕಾಗದ ಓದಿ ಒಪ್ಪಿಗೆ ಕೊಡಬೇಕು. ಮೊದಲ ಸಲ ಓದದೆಯೇ ಸಹಿ ಹಾಕಿದ್ದೆ. ಆಮೇಲೆ ಅದರ ಹಿಂದಿನ ಕಥೆ ಗೊತ್ತಾಯಿತು.

ರೋವನ್ ಸ್ಟ್ರಿಂಗರ್ ಅಂತ, ಒಟ್ಟಾವಾ ಕಡೆಯ 17 ವರ್ಷದ ಹುಡುಗಿ, ರಗ್ಬಿ ಆಡುತ್ತಿದ್ದಳು. 2013ರ ಮೇ ತಿಂಗಳಲ್ಲಿ ಒಂದು ವಾರದೊಳಗೆ ಮೂರು ಸಲ ತಲೆಗೆ ಪೆಟ್ಟಾಯಿತು. ತನಗೆ ಕನ್ಕಷನ್ ಆಗಿರಬಹುದು ಅಂತ ಅವಳಿಗೇ ಅನುಮಾನ ಇತ್ತು, ಗೆಳತಿಯರಿಗೆ ಮೆಸೇಜ್ ಕೂಡ ಮಾಡಿದ್ದಳು. ಆ ಅನುಮಾನ ದೊಡ್ಡವರ ಕಿವಿಗೆ ಬೀಳಲಿಲ್ಲ. ಕೊನೆಯ ಪೆಟ್ಟಿನ ನಂತರ ಎಚ್ಚರ ಆಗಲೇ ಇಲ್ಲ. ಮೊದಲ ಪೆಟ್ಟು ಮಾಯುವ ಮೊದಲೇ ಇನ್ನೊಂದು ಬಿದ್ದರೆ ಮೆದುಳು ಊದಿಕೊಳ್ಳಬಹುದು. ಅಪರೂಪ, ಆದರೆ ಆಗುತ್ತೆ. 2018ರಲ್ಲಿ ಅವಳ ಹೆಸರಿನಲ್ಲೇ ಇಲ್ಲಿ ಕಾನೂನು ಬಂತು. ಅನುಮಾನ ಬಂದ ಕೂಡಲೇ ಆಟದಿಂದ ತೆಗೆಯಬೇಕು, ವೈದ್ಯರು ಸೈ ಅನ್ನದೆ ವಾಪಸ್ ಇಲ್ಲ.

ಹಳೇ ರೈಡರ್ ಸರ್, ನಿಮ್ಮ ಮೇಲೆ ಕೋಪ ಇಲ್ಲ. ನಮ್ಮಪ್ಪನೂ ನಿಮ್ಮ ಹಾಗೇ ಮಾತಾಡುತ್ತಾರೆ. ಆದರೆ ಏಟು ತಿಂದು ಚೆನ್ನಾಗಿರುವವರು ಕಥೆ ಹೇಳಲು ಉಳಿದಿದ್ದಾರೆ, ಅಷ್ಟೇ.

ಫಿಸಿಯೋ ಹುಬ್ಬಳ್ಳಿ

ಅಕ್ಕಾರ, ಎಲ್ಲಾರೂ ತಲೆ ಬಗ್ಗೆ ಹೇಳ್ಯಾರ, ನಾನು ಕುತ್ತಿಗೆ ಬಗ್ಗೆ ಹೇಳ್ತೀನಿ ನೋಡ್ರಿ. ತಲೆ ಹಾಗೆ ಹಿಂದಕ್ಕೆ ಬಡಿದರೆ ಕುತ್ತಿಗೆಯೂ ಜಗ್ಗಿರುತ್ತೆ. ಎಷ್ಟೋ ಮಕ್ಕಳ ಉಳಿದ ತಲೆನೋವು ಅಲ್ಲಿಂದ ಬರುತ್ತೆ. ಸಾಲು ಜಾರುತ್ತೆ ಅಂದನಲ್ಲ, ಅದಕ್ಕೆ ಎರಡೂ ಕಣ್ಣು ಕೂಡಿ ಹತ್ತಿರದ್ದನ್ನು ಹಿಡಿಯುವುದು ಕಷ್ಟವಾಗಿರಬಹುದು. ಕಣ್ಣು, ಕುತ್ತಿಗೆ, ಬ್ಯಾಲೆನ್ಸ್ ಮೂರೂ ತೋರಿಸಿ. ಅಜ್ಜಿ ಎಣ್ಣೆ ಹಚ್ಚಿ ಕುತ್ತಿಗೆ ಲಟಕ್ ಅನ್ನಿಸೋದು ಮಾತ್ರ ಬ್ಯಾಡ್ರಿ!

ಇನ್ನೊಂದು. ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ತಲೆನೋವು ಹತ್ತಕ್ಕೆ ಎಷ್ಟು ಅಂತ ಅವನೇ ಬರೆಯಲಿ. ಈಗ ದಿನಾ ಇಪ್ಪತ್ತು ನಿಮಿಷ ನಡೆಸಿ. ನಡೆದ ಮೇಲೆ ಎರಡು ಅಂಕಿಯೊಳಗೆ ಏರಿ, ಗಂಟೆಯೊಳಗೆ ಇಳಿದರೆ ಹೆದರಬೇಡಿ. ಅದಕ್ಕಿಂತ ಏರಿದರೆ ಅವತ್ತಿಗೆ ಸಾಕು, ನಾಳೆ ಸ್ವಲ್ಪ ಕಡಿಮೆ. ಹದಿಹರೆಯದ ಆಟಗಾರರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾಳುವಷ್ಟು ಏರೋಬಿಕ್ ವ್ಯಾಯಾಮ ಮಾಡಿದವರು ಸುಮಾರು 13 ದಿನಕ್ಕೆ ಚೇತರಿಸಿಕೊಂಡರು, ಬರೀ ಸ್ಟ್ರೆಚಿಂಗ್ ಮಾಡಿದವರಿಗೆ 17 ದಿನ ಬೇಕಾಯಿತು.

ನಡಿಗೆ ಆರಾಮಾದರೆ ಸೈಕಲ್ಲು, ನಿಂತಲ್ಲೇ ತುಳಿಯೋದು. ಆಮೇಲೆ ಒಬ್ಬನೇ ಅಂಕಣದಲ್ಲಿ ಹೆಜ್ಜೆ ಹಾಕೋದು, ಬೋನಸ್ ಗೆರೆ ತನಕ ಹೋಗಿ ಬರೋದು. ಯಾರೂ ಎದುರಿಗೆ ಇರಬಾರದು. ಇದಾದ ಮೇಲೆ ತೊಂದರೆ ಪೂರ್ತಿ ಹೋಗಿ, ಶಾಲೆ ಪೂರ್ತಿ ದಿನ ಆಗಿ, ಡಾಕ್ಟರ್ ಹೂಂ ಅಂದ ಮೇಲೆ ಗೆಳೆಯರ ಜೊತೆ ಹಿಡಿತ ಇಲ್ಲದ ಪ್ರಾಕ್ಟೀಸ್, ಆಮೇಲೆ ಕ್ಯಾಚ್, ಕೊನೆಗೆ ಮ್ಯಾಚ್. ಒಂದೊಂದು ಮೆಟ್ಟಿಲಿಗೂ ಕಡಿಮೆ ಅಂದರೆ ಒಂದು ದಿನ. ತಲೆನೋವು ಮರಳಿ ಬಂದರೆ ಒಂದು ಮೆಟ್ಟಿಲು ಕೆಳಗೆ.

ಹಾಸನದ ಅಮ್ಮ

ಹತ್ತೊಂಬತ್ತನೇ ದಿನ. ಡಾಕ್ಟರಿಗೆ ಮತ್ತೆ ತೋರಿಸಿದೆವು, ಚೀಟಿ ಕೊಟ್ಟರು. ಶಾಲೆಗೆ ಅರ್ಧ ದಿನ ಹೋಗುತ್ತಿದ್ದಾನೆ. ಟೀಚರ್ ತುಂಬಾ ಒಳ್ಳೆಯವರು, ಮೂರನೇ ಬೆಂಚಿನ ಐಡಿಯಾ ಅವರಿಗೂ ಇಷ್ಟ ಆಯಿತು. ಸಂಜೆ ಅವರಪ್ಪನ ಜೊತೆ ಕೆರೆ ಏರಿ ಮೇಲೆ ನಡೆಯುತ್ತಾನೆ.

ನೋಟ್‌ಬುಕ್ ಕಥೆ ಹೇಳಬೇಕು. ಮೊದಲ ದಿನ 5 ಬರೆದ. ಆಮೇಲೆ 4. ನಾಲ್ಕನೇ ದಿನದಿಂದ ಸೊನ್ನೆ, ಸೊನ್ನೆ, ಸೊನ್ನೆ. ನಾನು ಖುಷಿಯಿಂದ ದೇವರಿಗೆ ತುಪ್ಪದ ದೀಪ ಹಚ್ಚಿದೆ. ರಾತ್ರಿ ಮಗಳು ಮೆಲ್ಲಗೆ ಬಂದು "ಅಮ್ಮ, ಅಣ್ಣ ಸ್ಕೂಲಿಂದ ಬಂದು ಬಚ್ಚಲಮನೆಯಲ್ಲಿ ಲೈಟ್ ಹಾಕದೆ ಕೂತ್ಕೋತಾನೆ" ಅಂದಳು. ತಾಲ್ಲೂಕು ಮಟ್ಟಕ್ಕೆ ಏಳು ದಿನ ಇತ್ತಲ್ಲ, ಅದಕ್ಕೆ ಸೊನ್ನೆ.

ಬೈಯಬೇಕು ಅಂತ ಹೋದೆ. ಕೇಳಿದ ಕೂಡಲೇ ಗೋಡೆ ಕಡೆ ತಿರುಗಿದ. "ನಾನಿಲ್ಲದೆ ಅವನೇ ಮೇನ್ ರೈಡರ್ ಆಗ್ತಾನಮ್ಮ" ಅಂದ. ತಲೆನೋವಿಗಿಂತ ಅದೇ ದೊಡ್ಡ ನೋವು ಅವನಿಗೆ. ಪಿಟಿ ಸರ್ ಹತ್ತಿರ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಗೇ ಬಂದರು. "ತಾಲ್ಲೂಕಿಗೆ ನೀನು ಸ್ಕೋರ್ ಬರೀಬೇಕು, ಎದುರಿನ ರೈಡರ್ ಯಾವ ಕಡೆ ತಿರುಗ್ತಾನೆ ಅಂತ ನೋಡಿ ನನಗೆ ಹೇಳಬೇಕು" ಅಂದರು. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ನಿಜ ಬರುತ್ತಿದೆ. ನಿನ್ನೆ 3.

ವಿಸಿಲ್ ಮೇಷ್ಟ್ರು

ಆ ಸರ್‌ಗೆ ನನ್ನ ನಮಸ್ಕಾರ ಹೇಳಿ ತಾಯಿ.

ಹಾಸನದ ಅಮ್ಮ

ಮೂವತ್ತಾರನೇ ದಿನ. ತಾಲ್ಲೂಕಿನಲ್ಲಿ ಸೆಮಿಫೈನಲ್ ಸೋತರು. ಇವನು ಟೋಪಿ ಹಾಕಿಕೊಂಡು ನೆರಳಲ್ಲಿ ಕೂತು ಎರಡು ಪುಟ ಸ್ಕೋರ್ ಬರೆದ. ಡೊಳ್ಳು ಶುರುವಾದಾಗ ಮಾತ್ರ ಎದ್ದು ಆಚೆ ಹೋದ. ಈಗ ಶಾಲೆ ಪೂರ್ತಿ ದಿನ. ಕುಕ್ಕರ್ ಕೂಗಿದರೂ ತಿರುಗಿ ನೋಡಲ್ಲ. ಫಿಸಿಯೋ ಹೇಳಿದ ಹಾಗೆ ಕುತ್ತಿಗೆ ತೋರಿಸಿದೆವು, ನಿಜಕ್ಕೂ ಅಲ್ಲೇ ಬಿಗಿ ಇತ್ತು. ಕಳೆದ ವಾರ ಡಾಕ್ಟರ್ ಒಪ್ಪಿಗೆ ಕೊಟ್ಟರು. ಹಿಡಿತ ಇಲ್ಲದ ಪ್ರಾಕ್ಟೀಸ್ ಮೂರು ದಿನ ಆಯಿತು, ನಾಳೆ ಕ್ಯಾಚ್. ನಾನು ಮೈದಾನಕ್ಕೆ ಬರಕೂಡದು ಅಂತ ಆರ್ಡರ್ ಆಗಿದೆ. ಕಾಂಪೌಂಡ್ ಆಚೆ ನಿಂತು ನೋಡುತ್ತೇನೆ, ಅವನಿಗೆ ಹೇಳಬೇಡಿ.

ಹಳೇ ರೈಡರ್

ಸಂತೋಷ ಮೇಡಂ. ಕ್ಯಾಚ್ ಪ್ರಾಕ್ಟೀಸ್ ಮೊದಲ ದಿನ ಮ್ಯಾಟ್ ಮೇಲೋ ಮೆತ್ತಗೆ ಅಗೆದ ಮಣ್ಣಿನ ಮೇಲೋ ಮಾಡಿಸಲು ಹೇಳಿ. ಬೀಳುವಾಗ ಗಲ್ಲ ಎದೆಗೆ ಒತ್ತಿಕೊಳ್ಳಬೇಕು, ತಲೆ ಹಿಂದಕ್ಕೆ ಹೋಗಲ್ಲ. ಇದು ನಮ್ಮ ಕಾಲದ್ದೇ.

ಅಪ್ಪು ತುಮಕೂರು

ಹೊಸಬ, ಮೊದಲ ಸಲ ಬರೆಯುತ್ತಿದ್ದೇನೆ. ಮಗಳಿಗೆ 9 ವರ್ಷ. ಸಂಜೆ ಸೈಕಲ್ ರೇಸ್ ಅಂತ ಆಡುವಾಗ ಬಿದ್ದು ತಲೆ ರಸ್ತೆಗೆ ತಗುಲಿತು. ಚೆನ್ನಾಗೇ ಇದ್ದಳು. ಊಟ ಆದ ಮೇಲೆ ಮೂರು ಸಲ ವಾಂತಿ. ತಲೆನೋವು ಜಾಸ್ತಿ ಆಗ್ತಿದೆ ಅಂತ ಅತ್ತು ಈಗ ಮಲಗಿದ್ದಾಳೆ, ಕರೆದರೆ ಹೂಂ ಅಂತಾಳೆ, ಕಣ್ಣು ಬಿಡಲ್ಲ. ಇಲ್ಲಿ ಎಲ್ಲ ಓದುತ್ತಾ ಇದ್ದೇನೆ. ಬೆಳಗ್ಗೆವರೆಗೆ ನೋಡಬಹುದಾ?

ಡಾಕ್ಟ್ರಮ್ಮ (ಮಕ್ಕಳ ವೈದ್ಯೆ)

ಬೇಡ. ಈಗಲೇ ಹೊರಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ. ಗಾಡಿ ಇಲ್ಲದಿದ್ದರೆ 108.

ಹಾಸನದ ಅಮ್ಮ

ಓದುವುದು ಬಿಡಿ ಅಪ್ಪು ಅವರೇ. ಹೊರಟಿರಾ?

ಹಾಸನದ ಅಮ್ಮ

ಒಂದು ಗಂಟೆ ಆಯಿತು. ಯಾರಿಗಾದರೂ ಗೊತ್ತಾ?

ಅಪ್ಪು ತುಮಕೂರು

ಆಸ್ಪತ್ರೆಯಲ್ಲಿದ್ದೇವೆ. ಸ್ಕ್ಯಾನಿನಲ್ಲಿ ಸಣ್ಣ ರಕ್ತಸ್ರಾವ ಇದೆ ಅಂದರು, ಐಸಿಯುನಲ್ಲಿ ಇಟ್ಟಿದ್ದಾರೆ. ಸದ್ಯಕ್ಕೆ ಆಪರೇಷನ್ ಬೇಡ, ಬೆಳಿಗ್ಗೆ ಮತ್ತೆ ಸ್ಕ್ಯಾನ್ ಅಂತೆ. ಈಗ ಕಣ್ಣು ಬಿಟ್ಟು ಸೈಕಲ್ ಎಲ್ಲಿ ಅಂತ ಕೇಳಿದಳು. ರಸ್ತೆಯಲ್ಲೇ ಬಿಟ್ಟು ಬಂದಿದ್ದೇನೆ.